ಮಾತು ಮೆಲ್ಲಗೆ, ಸಂಗೀತ ಜೋರು

ಪ್ರಶ್ನೆ: ಹೊಸ ಟಿವಿಯಲ್ಲಿ ಧಾರಾವಾಹಿಯ ಮಾತು ಕೇಳಿಸುವುದಿಲ್ಲ ಎಂದು ಅತ್ತೆ ವಾಲ್ಯೂಮ್ 40ಕ್ಕೆ ಏರಿಸುತ್ತಾರೆ. ಸಂಗೀತ ಬಂದ ಕೂಡಲೇ ಮಲಗಿದ್ದ ಮಗು ಬೆಚ್ಚಿ ಏಳುತ್ತದೆ. ಟಿವಿ ಕೆಟ್ಟಿದೆಯಾ ಸರ್?
– ಓದುಗರೊಬ್ಬರು, ಮಂಡ್ಯ

ಉತ್ತರ: ಕೆಟ್ಟಿಲ್ಲಮ್ಮ, ಗಾಬರಿಯಾಗಬೇಡಿ. ತೆಳು ಟಿವಿಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ ಕೆಳಗೋ ಹಿಂದಕ್ಕೋ ತಿರುಗಿರುತ್ತದೆ. ಮಾತು ಗೋಡೆಗೆ ಬಡಿದು ಮಂಕಾಗಿ ಬರುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಮೋಡ್ ತೆಗೆಯಿರಿ. ‘ಮೂವಿ’ ಇದ್ದರೆ ‘ಕ್ಲಿಯರ್ ವಾಯ್ಸ್’ ಮಾಡಿ. ಹೆಸರು ಕಂಪನಿಗೊಂದು ಥರ ಇರುತ್ತದೆ. ‘ಸರೌಂಡ್’ ಆಫ್ ಮಾಡಿ. ‘ಆಟೋ ವಾಲ್ಯೂಮ್’ ಆನ್ ಇರಲಿ. ಜೋರು ಸದ್ದನ್ನೂ ಮೆಲ್ಲಗಿನದನ್ನೂ ಹತ್ತಿರ ತರುವುದು ಅದೇ, ಮಗು ಇರುವ ಮನೆಗೆ ಬೇಕೇ ಬೇಕು.

ಇನ್ನು ಈಕ್ವಲೈಸರ್, ಅಂದರೆ ದಪ್ಪ ಸದ್ದು, ತೆಳು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಗೆರೆಗಳು. ಹರ್ಟ್ಸ್ ಕಡಿಮೆಯಾದಷ್ಟೂ ಸದ್ದು ದಪ್ಪ. ಇದನ್ನು ಸುಮ್ನೆ ಬಿಡಬೇಡಿ. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ವಾರ್ತೆ ಹಾಕಿ ಮಾಡಿದೆ. 100 ಹರ್ಟ್ಸ್ ಗೆರೆಯನ್ನು ಮೂರು ಹೆಜ್ಜೆ ಇಳಿಸಿದೆ, 3 ಕಿಲೋಹರ್ಟ್ಸ್ ಎರಡು ಹೆಜ್ಜೆ ಏರಿಸಿದೆ. ಗುಂಯ್ ಎನ್ನುವ ಸದ್ದು ಕಡಿಮೆ ಹರ್ಟ್ಸ್‌ನ ಗೆರೆಯಲ್ಲಿ, ‘ತ’, ‘ಚ’, ‘ಸ’ಗಳ ಸ್ಪಷ್ಟತೆ ಹೆಚ್ಚು ಹರ್ಟ್ಸ್‌ನ ಗೆರೆಗಳಲ್ಲಿ. “ಈಗ ಬಾಯಿ ಬಿಟ್ಟು ಮಾತಾಡ್ತಿದ್ದಾರೆ ನೋಡು” ಎಂದರು ಅಮ್ಮ. ವಾಲ್ಯೂಮ್ 35ರಿಂದ 22ಕ್ಕೆ ಬಂತು. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಸೆಟ್‌ಟಾಪ್ ಬಾಕ್ಸಿನ ವಾಲ್ಯೂಮ್ ಕಡಿಮೆ ಇದೆಯಾ, ಅದನ್ನೂ ನೋಡಿ.

ಇಷ್ಟಾದರೂ ಅತ್ತೆಯವರಿಗೆ ಕೇಳಿಸದಿದ್ದರೆ ಟಿವಿಯನ್ನು ಬಿಟ್ಟು ಕಿವಿ ತೋರಿಸಿ. 1966ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ, ನಿಮಗೆ ದೂರವೇನಲ್ಲ. ವಯಸ್ಸಾದಂತೆ ಮೊದಲು ಮಂಕಾಗುವುದು ಈ ‘ಸ’, ‘ತ’ಗಳೇ, ಅಲ್ವಾ.