ಸಿಡ್ನಿ ಕ್ಲಬ್ಬಿನ ಆಟಗಾರ ಸ್ಟೇಟ್ ಆಫ್ ಒರಿಜಿನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಪರ ಆಡುವುದು ಹೇಗೆ?

ಇಲ್ಲಿ ಲೆಕ್ಕಕ್ಕೆ ಬರುವುದು ಕ್ಲಬ್ಬಲ್ಲ, ತವರು ರಾಜ್ಯ. ಇದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಪೈಪೋಟಿ; ಆಟ ತಂಡಕ್ಕೆ 13 ಜನರ ರಗ್ಬಿ ಲೀಗ್. ಆ ಎರಡು ರಾಜ್ಯಗಳಲ್ಲಿ 'ಫುಟ್ಬಾಲ್' ಎಂದರೆ ಬಹಳ ಮಂದಿಗೆ ಇದೇ.

ಮೊದಲು ಆಟಗಾರ ಯಾವ ರಾಜ್ಯದ ಕ್ಲಬ್ಬಿನಲ್ಲಿದ್ದಾನೋ ಆ ರಾಜ್ಯಕ್ಕೇ ಆಡಬೇಕಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ 1956ರಲ್ಲೇ ಕ್ಲಬ್ಬುಗಳಿಗೆ ಪೋಕರ್ ಮಷೀನು, ಅಂದರೆ ಜೂಜಿನ ಯಂತ್ರ, ಇಡಲು ಅನುಮತಿ ಸಿಕ್ಕಿತು. ಆ ದುಡ್ಡಿನಿಂದ ಸಿಡ್ನಿ ಕ್ಲಬ್ಬುಗಳು ಕ್ವೀನ್ಸ್‌ಲ್ಯಾಂಡಿನ ಒಳ್ಳೆಯ ಹುಡುಗರನ್ನೆಲ್ಲ ಸೆಳೆದುಕೊಂಡವು. ಅವರು ತವರಿನ ವಿರುದ್ಧವೇ ಆಡಿದರು. ಪೈಪೋಟಿಯೇ ಸತ್ತುಹೋಗಿತ್ತು. 1980ರ ಜುಲೈ 8ರಂದು ಬ್ರಿಸ್ಬೇನಿನ ಲ್ಯಾಂಗ್ ಪಾರ್ಕಿನಲ್ಲಿ ಹೊಸ ನಿಯಮದ ಮೊದಲ ಪಂದ್ಯ ನಡೆದಾಗ ಕ್ವೀನ್ಸ್‌ಲ್ಯಾಂಡ್ 20-10ರಿಂದ ಗೆದ್ದಿತು. ನಾಯಕ ಆರ್ಥರ್ ಬೀಟ್ಸನ್‌ಗೆ ಆಗ 35 ವರ್ಷ, ಆಡುತ್ತಿದ್ದದ್ದು ಸಿಡ್ನಿಯ ಪ್ಯಾರಮಟ್ಟಾಗೆ! 1982ರಿಂದ ವರ್ಷಕ್ಕೆ ಮೂರು ಪಂದ್ಯಗಳ ಸರಣಿ, ಎರಡು ಗೆದ್ದವರಿಗೆ ಕಪ್.

ಗೊಂದಲ ಹುಟ್ಟಿದ್ದು 'ತವರು' ಯಾವುದು ಎಂಬುದರಲ್ಲಿ. ಹಿಂದೆ ಮೊದಲ ಬಾರಿ ದೊಡ್ಡವರ ಮಟ್ಟದಲ್ಲಿ ಎಲ್ಲಿ ಆಡಿದ ಎಂಬುದೇ ಮುಖ್ಯ. ಹಾಗಾಗಿಯೇ ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿ ಬೆಳೆದ ಗ್ರೆಗ್ ಇಂಗ್ಲಿಸ್ ಕ್ವೀನ್ಸ್‌ಲ್ಯಾಂಡ್ ಪಾಲಾದರು. ನ್ಯೂ ಸೌತ್ ವೇಲ್ಸ್‌ನವರಿಗೆ ಆ ಸಿಟ್ಟು ಇಂದಿಗೂ ಇದೆ, ಅದು ನ್ಯಾಯವೂ ಹೌದು. 2012ರಲ್ಲಿ ನಿಯಮ ಬಿಗಿಯಾಯಿತು: ಆ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ 13 ತುಂಬುವ ಮುಂಚೆ ಅಲ್ಲಿ ನೆಲೆಸಿರಬೇಕು, ಅಥವಾ ತಂದೆ ಆ ರಾಜ್ಯಕ್ಕೆ ಒರಿಜಿನ್ ಆಡಿರಬೇಕು.

ರಣಜಿಯಲ್ಲಿ ರಾಬಿನ್ ಉತ್ತಪ್ಪ ಕರ್ನಾಟಕ ಬಿಟ್ಟು ಕೇರಳ, ಸೌರಾಷ್ಟ್ರಕ್ಕೆ ಆಡಿದಂತೆ ಇಲ್ಲಿ ರಾಜ್ಯ ಬದಲಿಸಲಾಗದು.