ಆಪರೇಷನ್ ಆದ ಮೇಲೆ ವಾಂತಿ ಆಗದಂತೆ ಮೊದಲೇ ಏನು ಮಾಡಬಹುದು?

ಅರಿವಳಿಕೆ ವೈದ್ಯರು ನೋಡುವುದು ಮುಖ್ಯವಾಗಿ ನಾಲ್ಕು ಅಂಶ: ರೋಗಿ ಹೆಂಗಸೇ, ಸಿಗರೇಟು ಸೇದದವರೇ, ಹಿಂದೆ ಆಪರೇಷನ್ ನಂತರ ಇಲ್ಲವೇ ಪ್ರಯಾಣದಲ್ಲಿ ವಾಂತಿಯಾಗಿತ್ತೇ, ಆಮೇಲೆ ಮಾರ್ಫಿನ್ ಜಾತಿಯ ನೋವಿನ ಮದ್ದು ಬೇಕಾದೀತೇ. (ಸೇದುವವರಿಗೆ ವಾಂತಿ ಕಡಿಮೆ, ನಿಜ, ಹಾಗಂತ ಶುರುಮಾಡಬೇಡಿ!) ಒಂದೂ ಇಲ್ಲದಿದ್ದರೆ ಸಾಧ್ಯತೆ ಸುಮಾರು ಶೇ. 10, ನಾಲ್ಕೂ ಇದ್ದರೆ ಶೇ. 80.

ವಾಂತಿ ತಡೆಯಲು ವಯಸ್ಕರಿಗೆ ಸಾಮಾನ್ಯವಾಗಿ ಎರಡು ಮದ್ದು: ಡೆಕ್ಸಾಮೆಥಾಸೋನ್ 4–8 ಮಿ.ಗ್ರಾಂ ಅರಿವಳಿಕೆ ಕೊಟ್ಟ ಕೂಡಲೇ, ಒಂಡಾನ್ಸೆಟ್ರಾನ್ 4 ಮಿ.ಗ್ರಾಂ ಆಪರೇಷನ್ ಮುಗಿಯುವ ಹೊತ್ತಿಗೆ. ಮೊದಲಿನದು ನಿಧಾನಕ್ಕೆ ಹಿಡಿಯುತ್ತದೆ, ಅದಕ್ಕೇ ಈ ಕ್ರಮ. ಅದು ಸಕ್ಕರೆಯನ್ನೂ ಏರಿಸುವುದರಿಂದ ಮಧುಮೇಹ ಇದ್ದವರು ಮೊದಲೇ ಹೇಳಬೇಕು. ಅಪಾಯ ಹೆಚ್ಚಿದ್ದರೆ ಅರಿವಳಿಕೆ ಅನಿಲದ ಬದಲು ರಕ್ತನಾಳದ ಮೂಲಕ ಪ್ರೊಪೊಫಾಲ್ ಎಂಬ ಅರಿವಳಿಕೆ ಮದ್ದು. ಇಷ್ಟಾಗಿಯೂ 6 ಗಂಟೆಯೊಳಗೆ ವಾಂತಿಯಾದರೆ ಅದೇ ಮದ್ದನ್ನು ಮತ್ತೆ ಕೊಟ್ಟು ಹೆಚ್ಚು ಪ್ರಯೋಜನವಿಲ್ಲ, ಬೇರೆ ಗುಂಪಿನದೇ ಬೇಕು.