ಉಳುಮೆ ಮಾಡದೆ ಬೆಟ್ಟದಲ್ಲಿ ಕಾಡುಪ್ರಾಣಿಗಳಿಗೆ ಮೇವು, ಹಣ್ಣು ಬೆಳೆಸಬಹುದಾ?

ಶಿರಸಿ ಹತ್ತಿರ ತೋಟದ ಮೇಲಿನ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡುಜಾಗ) ಹಾಳುಬಿದ್ದಿದೆ, ಅಮೆರಿಕದವರ ವಿಡಿಯೊದಲ್ಲಿ ಇರುವ ಹಾಗೆ ನೆಲ ಉಳದೆ ಬೀಜ ಎರಚಿ ಪ್ರಾಣಿ-ಪಕ್ಷಿಗಳಿಗೆ ಆಹಾರ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಆ ವಿಡಿಯೊದಿಂದ ವಿಧಾನ ಮಾತ್ರ ತಗೊಳ್ಳಿ, ಬೀಜ ಬೇಡ.

ಅಲ್ಲಿ ಕ್ಲೋವರ್, ಟರ್ನಿಪ್ ಥರದ ಸಣ್ಣ ಬೀಜವನ್ನು ಕಳೆಯ ನಡುವೆಯೇ ಎರಚುತ್ತಾರೆ. ಆಮೇಲೆ ಕಳೆ ಕತ್ತರಿಸಿ ಅದರ ಮೇಲೆ ಮಲಗಿಸುತ್ತಾರೆ. ಇನ್ನು ಕೆಲವರು ಚಳಿಗಾಲದ ಕೊನೆಗೆ ಎರಚುತ್ತಾರೆ, ನೆಲ ಹೆಪ್ಪುಗಟ್ಟಿ ಕರಗುವಾಗ ಬೀಜ ತಾನೇ ಮಣ್ಣಿನ ಬಿರುಕಿಗೆ ಇಳಿಯುತ್ತದೆ. ಹೆಚ್ಚಿನ ಸಲ ಜಿಂಕೆ ಬಂದು ಬಂದೂಕಿನ ಎದುರು ನಿಲ್ಲಲಿ ಅನ್ನುವ ಲೆಕ್ಕವೂ ಅದರ ಹಿಂದೆ ಇರುತ್ತದೆ. ನಮ್ಮಲ್ಲಿ ಹಿಮವೂ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆಯೂ ಇಲ್ಲ. ಇಲ್ಲಿ ಬೀಜ ಕೂರಿಸುವ ಕೆಲಸ ಮಳೆಯದು.

ಉಳುಮೆ ಬೇಡ ಅನ್ನುವುದನ್ನು ಮಾತ್ರ ನಾನೂ ಒಪ್ಪುತ್ತೇನೆ. ನಮ್ಮದು ಇಳಿಜಾರಿನ ಜಂಬಿಟ್ಟಿಗೆ ನೆಲ. ಮೇಲಿನ ಕಪ್ಪು ಮಣ್ಣು ಎಷ್ಟೋ ಕಡೆ ಗೇಣುದ್ದವೂ ಇರುವುದಿಲ್ಲ. ಜೂನ್‌ನಲ್ಲಿ ಕೆದಕಿ ಬಿಟ್ಟರೆ ಜುಲೈಯಲ್ಲಿ ಅದು ಹಳ್ಳದಲ್ಲಿರುತ್ತದೆ. ಜೊತೆಗೆ ಕೆದಕಿ ಬಿಸಿಲು ಬಿಟ್ಟ ಜಾಗಕ್ಕೆ ಮೊದಲು ಬರುವುದೇ ಯುಪಟೋರಿಯಂ ಅನ್ನುವ ಕಳೆ.

ನಿಜವಾದ ಕೆಲಸ ಇರುವುದೂ ಈ ಕಳೆ ಕೀಳುವುದರಲ್ಲೇ. ಬೇಸಿಗೆಯಲ್ಲಿ ಕತ್ತಿ ಹಿಡಿದು ಸವರಿದರೆ ಬುಡದಿಂದ ಮತ್ತೆ ನಾಲ್ಕು ಚಿಗುರು ಬರುತ್ತದೆ. ಜುಲೈ-ಆಗಸ್ಟ್‌ನಲ್ಲಿ ನೆಲ ಮೆತ್ತಗಿರುವಾಗ ಬುಡ ಹಿಡಿದು ಎಳೆಯಿರಿ, ಬೇರು ಸಮೇತ ಬರುತ್ತದೆ. ಕಿತ್ತದ್ದನ್ನು ಬೇರು ಮೇಲೆ ಮಾಡಿ ಅಲ್ಲೇ ಹಾಸಿ. ಡಿಸೆಂಬರ್ ಹೊತ್ತಿಗೆ ಉಳಿದವು ಹೂ ಬಿಡುತ್ತವೆ, ಬೀಜ ಗಾಳಿಗೆ ಹಾರುವ ಮೊದಲು ಇನ್ನೊಂದು ಸುತ್ತು ಹೋಗಿ. ಬೆಳಕು ಸಿಕ್ಕರೆ ಕರಡ (ಬೆಟ್ಟದ ಹುಲ್ಲು) ತಾನಾಗಿಯೇ ಎದ್ದು ಬರುತ್ತದೆ. ಕಾಡುಕೋಣ, ಕಡವೆಗೆ ಅದೇ ಮೇವು, ದುಡ್ಡು ಕೊಟ್ಟು ಹುಲ್ಲಿನ ಬೀಜ ತರಬೇಡಿ. ದರಕನ್ನು (ಉದುರಿದ ಒಣ ಎಲೆ) ಮಾತ್ರ ಪೂರ್ತಿ ಗುಡಿಸಬೇಡಿ, ಅದೇ ನೆಲದ ಹೊದಿಕೆ.

ಹಣ್ಣಿನ ವಿಷಯಕ್ಕೆ ಬರೋಣ. ನೇರಳೆ, ಹಲಸು, ಮುರುಗಲು (ಕೋಕಂ) ಎಲ್ಲ ಮಳೆ ಹಿಡಿಯುವ ಆಸುಪಾಸಿಗೇ ಹಣ್ಣಾಗುತ್ತವೆ. ನೇರಳೆ, ಹಲಸಿನ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಸತ್ತೇ ಹೋಗುತ್ತದೆ. ಹಣ್ಣು ತಿಂದ ವಾರದೊಳಗೆ ಹಾರೆಕೋಲಿನಿಂದ ಒಂದು ತೂತು ಹೊಡೆದು, ಬೀಜ ಹಾಕಿ, ಕಾಲಲ್ಲಿ ಒತ್ತಿಬಿಡಿ. ಹಲಸಿನ ಬೀಜಕ್ಕೆ ಹಂದಿ ಕಾಟ ಇದೆ, ಮೇಲೆ ಕವಳಿ ಮುಳ್ಳಿನ ಒಂದು ಕೊಂಬೆ ಇಡಿ. ಮುರುಗಲಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಾಗಾಗಿ ಒಂದೆರಡು ಹಾಕಿ ಹಣ್ಣು ಕಾಯುತ್ತಾ ಕೂರಬೇಡಿ, ಹತ್ತಾರು ಹಾಕಿ. ನೆಲ್ಲಿ ಮರ ಒಂದಿದ್ದರೆ ಮುಂದಿನದನ್ನು ಪ್ರಾಣಿಗಳೇ ನೋಡಿಕೊಳ್ಳುತ್ತವೆ: ಜಿಂಕೆ, ಕಾಡುಕುರಿ ಕಾಯಿ ನುಂಗಿ, ಆಮೇಲೆ ಎಲ್ಲೋ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತವೆ.

ಒಂದೇ ಜಾತಿ ಹಾಕುವಷ್ಟು ಪುರುಸೊತ್ತು ಇದೆ ಅಂದರೆ ನಾನು ಹೇಳುವುದು ಆಲ, ಗೋಣಿ, ಅತ್ತಿಯ ಕುಟುಂಬ. ಬೇರೆ ಹಣ್ಣು ಇಲ್ಲದ ತಿಂಗಳಲ್ಲೂ ಇವುಗಳಲ್ಲಿ ಯಾವುದೋ ಒಂದು ಮರ ಹಣ್ಣು ಬಿಟ್ಟಿರುತ್ತದೆ. ದಾಂಡೇಲಿ ಕಡೆ ಮಂಗಟ್ಟೆ ಹಕ್ಕಿಗಳು ಇಷ್ಟು ಇರುವುದಕ್ಕೆ ಈ ಮರಗಳೂ ಒಂದು ಕಾರಣ. ಆಲ, ಗೋಣಿಗೆ ಬೀಜವೂ ಬೇಡ. ತೋಳು ದಪ್ಪದ, ಆಳೆತ್ತರಕ್ಕಿಂತ ಜಾಸ್ತಿ ಉದ್ದದ ಕೊಂಬೆ ಕಡಿದು ಮೇ ಕೊನೆಗೆ ಗೂಟ ಹುಗಿಯುವ ಹಾಗೆ ಹುಗಿಯಿರಿ. ಚಿಗುರು ದನದ ಬಾಯಿಗೆ ಎಟಕುವುದಿಲ್ಲ, ಬೇಲಿ ಖರ್ಚೂ ಉಳಿಯುತ್ತದೆ.

ಈಗ ಬೇಡದ ಮಾತು. ಹುರುಳಿ, ಗೆಣಸು, ಬಾಳೆ ಥರದ್ದನ್ನು ಪ್ರಾಣಿಗಳಿಗೆ ಅಂತ ಬೆಳೆಯಬೇಡಿ. ರುಚಿ ಹತ್ತಿದ ಹಂದಿ, ಮಂಗ ನಿಮ್ಮ ಗಡಿ ನೋಡಿ ನಿಲ್ಲುತ್ತವಾ? ಮರುದಿನ ಪಕ್ಕದವರ ತೋಟದಲ್ಲಿರುತ್ತವೆ, ಬೈಗುಳ ನಿಮಗೆ. ಮಂಗನ ಕಾಯಿಲೆ ನಮ್ಮ ಜಿಲ್ಲೆಗೆ ಹೊಸದಲ್ಲ, ಉಣುಗಿನಿಂದ ಹರಡುವಂಥದ್ದು. ಮಂಗ ಮನೆ ಹತ್ತಿರ ಕೂರುವ ಹಾಗೆ ಮಾಡುವುದು ಸುಮ್ನೆ ಅಪಾಯ. ಹಣ್ಣಿನ ಗಿಡ ಏನಿದ್ದರೂ ಬೆಟ್ಟದ ಆಚೆ ತುದಿಯಲ್ಲಿ, ಕಾಡಿನ ಅಂಚಿಗೆ ಇರಲಿ.

ಇನ್ನೊಂದು, ಸೊಪ್ಪಿನ ಬೆಟ್ಟ ನಿಮ್ಮ ಮಾಲ್ಕಿ ಜಮೀನಲ್ಲ ಅಲ್ವಾ, ಸೊಪ್ಪು-ದರಕಿನ ಹಕ್ಕು ಅಷ್ಟೇ. ಗಿಡ ನೆಡುವ ಮೊದಲೂ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಒಂದು ಮಾತು ಹೇಳಿ. ಇರುವ ಮರಕ್ಕೆ ಅವರನ್ನು ಕೇಳದೆ ಕತ್ತಿ ತಾಗಿಸಬೇಡಿ, ಆಲದ ಗೂಟ ನಿಮ್ಮ ಸ್ವಂತ ಜಾಗದ ಮರದ್ದೇ ಆಗಲಿ. ಕರಡ ಒಣಗುವ ಫೆಬ್ರವರಿಗೆ ಮೊದಲು ಸುತ್ತ ಒಂದು ಬೆಂಕಿ ಗೆರೆ ಸವರಿ, ಅಷ್ಟು ಅಗಲಕ್ಕೆ ಮಾತ್ರ ದರಕು ಪೂರ್ತಿ ಗುಡಿಸಿ.